ಮಖಮಲ್ಲಿನ ಬಿಲ್ಲೆ

ರೂಪಾಯಿಗಿಂತ ತುಸು ದೊಡ್ಡದು, ದುಂಡಗ, ಅಂದರು.
ಟೇಪು ಕೊರಳಿಂದ ಇಳಿಸಿ
ನಗಬೇಕೋ ಬ್ಯಾಡೋ ಅಂತ ನಿಂತೆ.
ಬ್ಯಾಂಡಿನವರ ಕೋಟು ಹೊಲಿಯೂ ಅಂಗಡಿ ನಂದು,
ಸೋಲಾಪುರದ ಬಾಳಿವೇಸಿನ್ಯಾಗ ಇಪ್ಪತ್ತೆಂಟು ವರ್ಷ:
ಕಾಲರಿಗೆ ಮಖಮಲ್, ತೋಳಿಗೆ ಜರಿ, ಭುಜಕ್ಕ ಜೂಲು.
ಗೊಂಬಿಗೆ ಟೊಪ್ಪಿಗಿ ಏನ್ರಿ ಬಾಯಿ?
ಅಲ್ಲ, ಅಂದರು ಕಾಲೇಜಿನ ಯೆಮುಲ ಮೇಡಂ,
ಎಲೆಕ್ಟ್ರಾನು ಹೊಂಡೂ ಜಾಗಾ.

ಅವರ ಮನಿಮಾತು ತೆಲುಗು, ನಂದು ಕನ್ನಡ,
ನಡುವ ಮರಾಠಿ ಹಾಸಿಕೊಂಡು ಕುಂತು ತಿಳಿಸಿದರು:
ಮಖಮಲ್ಲಿಗೆ ಸಾವಿರಾರು ನಿಂತ ಕೂದಲ.
ಐದು ಲಕ್ಷ ವೋಲ್ಟು ಒಮ್ಮೆಲೇ ಎಳದರ
ಕೂದಲ ತುದಿ ಸಿಡದು ಕಿಡಿ,
ಕಿಡಿಯಿಂದ ಎಲೆಕ್ಟ್ರಾನಿನ ಹೊಳಿ.
ಬರೇ ಲೋಹ ಇಷ್ಟು ಲಗೂ ಹೊಳಿ ಬಿಡೂದಿಲ್ಲ.
ಅದಕ್ಕ ಅರಿವಿ ಬೇಕು.

ಲಗಮಣ್ಣ ಮಾಸ್ತರನ ಕೋಟಿನ್ಯಾಗ ಉಳಿದ ತುಂಡು ಇತ್ತು, ಕೆಂಪು.
ದೊಡ್ಡವರ ಕೆಲಸ ಅಂತ
ನೀರು ಚಿಮುಕಿಸಿ, ಇಸ್ತ್ರಿ ಹಬಿ ಹಿಡಿಸಿ ಕೊಟ್ಟೆ.
ಮರುದಿನ ಮೇಡಂ ಮತ್ತ ಬಂದರು, ಕಣ್ಣಾಗ ನಿದ್ದಿ.
ಗೈಬೀಸಾಬ, ನಿಮ್ಮ ನೀರನ್ನ
ನಮ್ಮ ಪಂಪು ರಾತ್ರಿ ಪೂರಾ ಕುಡೀತು,
ಇನ್ನೂ ಮುಗದಿಲ್ಲ.

ಎರಡನೇದು ಒಣ ಕತ್ತರಿಲೇ ಕೊಯ್ದೆ,
ಕೈಬೆವರು ತಾಗದಂಗ ಹಾಳಿಲೇ ಹಿಡದು
ಎದುರುಕೂದಲ ಸವರಿ ನಿಲ್ಲಿಸಿದೆ.
ಅಷ್ಟು ನನಗ ಗೊತ್ತು.

ನೋಡಾಕ ಕರದರು.
ಸೀಸದ ಬಾಗಿಲದ ಈಚೆ ಕುಂತೆವು.
ಆಚೆ, ಎಣ್ಣಿ ತೊಟ್ಯಾಗ ಮುಳಗಿದ ಕೆಪಾಸಿಟರ್ ಸಾಲು
ತುಂಬಿಕೊಳ್ಳಾಕತ್ತಿತ್ತು,
ಕ್ಲಾರಿಯೋನೆಟ್ಟಿನವ ಉಸಿರು ಹಿಡಿದಂಗ.
ಮೇಡಂ ಹಾಳಿ ಮ್ಯಾಲ ಗೆರಿ ಎಳದರು:
ಇಲ್ಲಿ ನಿಮ್ಮ ಬಿಲ್ಲೆ, ಇಲ್ಲಿ ತಂತಿ ಜಾಳಿಗಿ.
ಜಾಳಿಗಿ ದಾಟಿದವು ಆಚೆ ಗುಂಪು ಕಟ್ಟತಾವ,
ಹಿಂದ ಬರೂವುಗಳಿಗೆ ಜಾಗಾ ಇಲ್ಲದಷ್ಟು.
ಅಮಾಸಿ ದಿವಸ ಸ್ಟ್ಯಾಂಡಿನ್ಯಾಗ ವಿಜಾಪುರದ ಬಸ್ಸು, ಅಂದೆ.
ನಕ್ಕರು. ಹೌದು.
ಅಲ್ಲಿ ಗ್ವಾಡಿ ಇಲ್ಲ, ಗುಂಪಿಗೆ ಗುಂಪೇ ಗ್ವಾಡಿ.
ಅಲ್ಲಿಂದ ತಿರುಗಿ, ಮತ್ತ ಮುಂದ, ಮತ್ತ ತಿರುಗಿ,
ಸೆಕೆಂಡಿಗೆ ಮುನ್ನೂರು ಕೋಟಿ ಸಲ.
ಆ ಜೀಕೂದೇ ಮೈಕ್ರೋವೇವ್ ಆಗಿ
ತುತ್ತೂರಿ ಬಾಯಿಂದ ಹೊರಗ.

ಎಷ್ಟು ಜೋರು?
ಇಪ್ಪತ್ತು ಕೋಟಿ ವ್ಯಾಟು.
ಮಗ್ಗದ ಓಣಿಗಳೆಲ್ಲಾ ಕಣ್ಣ ಮುಂದ ಬಂದವು,
ಕರೆಂಟು ಹೋದಾಗ ಒಮ್ಮೆಲೇ ಸುಮ್ಮನಾಗೂವು.
ಎಷ್ಟೊತ್ತು?
ಒಂದು ಸೆಕೆಂಡು ನೂರು ಕೋಟಿ ಚೂರು ಮಾಡ್ರಿ,
ಅದರಾಗ ಅರವತ್ತು ಚೂರು.
ಒಂದು ಚಮಚಾ ಚಹಾನೂ ಕಾಯೂದಿಲ್ಲ.

ಗುಜರಿಯಿಂದ ತಂದ ಟ್ಯೂಬ್‌ಲೈಟು
ವಾಯರಿಲ್ಲದ ಸಾಲಾಗಿ ನಿಲ್ಲಿಸಿದ್ದರು.
ಢಂ ಅಂತು.
ಪಟಾಕಿಯಂಗಲ್ಲ, ಹಲಗಿಯಂಗಲ್ಲ,
ಎಣ್ಣಿಯೊಳಗ ಯಾರೋ ಬಾಗಿಲ ಬಡದಂಗ.
ಹತ್ತಿದವು! ಹತ್ತಿದವು! ಹುಡುಗರ ಚಪ್ಪಾಳಿ.
ನಾ ಅದೇ ಹೊತ್ತಿಗೆ ಕಣ್ಣು ಪಿಳುಕಿಸಿದ್ದೆ.
ಮತ್ತೊಮ್ಮೆ ಮಾಡ್ರಿ ಅನ್ನಾಕ ಬಾಯಿ ಬರಲಿಲ್ಲ,
ದಿನಕ್ಕ ಒಂದೇ ಅಂತ.

ಫೋಟೋ ತೋರಿಸಿದರು:
ನಡುವ ಕತ್ತಲಿ, ಸುತ್ತ ಬೆಳಕಿನ ಬಳಿ.
ಇದು ಯಾಕ ಬೇಕು, ಕೇಳಿದೆ.
ಹಾರೂ ಡ್ರೋನಿನ ತಲಿ ಕೆಡಸಾಕ, ಅಂದ ಒಬ್ಬ ಹುಡುಗ.
ಮೇಡಂ ಅವನ ಕಡೆ ನೋಡಿ
ಏನೂ ಅನ್ನದ
ಬೋಲ್ಟು ಬಿಚ್ಚಾಕ ಹೋದರು.

ತಿಂಗಳ ಮ್ಯಾಲ ಬಿಲ್ಲೆ ತಿರುಗಿ ಬಂತು.
ನಡುವ ಬೋಳು. ಮೂಗಿಗೆ ಹಿಡದರ
ಹೊತ್ತಿದ ಇಸ್ತ್ರಿ ವಾಸನಿ.
ಕಾಲೇಜಿಗೆ ಪಾವತಿ ಬೇಕಂದರು. ಮರಾಠಿಯಾಗ ಬರದೆ:
ಮಖಮಲ್, ತುಂಡು ಎರಡು, ಹನ್ನೆರಡು ರೂಪಾಯಿ.
ಉಡುಪಿನ ಹೆಸರು ಅನ್ನೂ ಜಾಗಾ ಖಾಲಿ ಬಿಟ್ಟೆ.

ನಿನ್ನಿ ರಾತ್ರಿ ಅಂಗಡಿ ಮುಂದ ಮದಿವಿ ಮೆರವಣಿಗಿ.
ಲಗಮಣ್ಣನ ಕಾಲರಿಗೆ ಅದೇ ಥಾನಿನ ಕೆಂಪು.
ಅವ ಕ್ಲಾರಿಯೋನೆಟ್ ಬಾಯಿಗಿಟ್ಟು ಉಸಿರು ತುಂಬಿಕೊಂಡ.
ಈ ಸಲ ಕಣ್ಣು ಪಿಳುಕಿಸಲಿಲ್ಲ.
ಬಂದದ್ದು ಬರೇ ಹಾಡು,
ಅದೂ ಸ್ವಲ್ಪ ಶ್ರುತಿ ತಪ್ಪಿ.